ಎಣಿಸುವುದೋ, ಅಳೆಯುವುದೋ? ದಶಮಾಂಶ ಲೆಕ್ಕದಲ್ಲಿ ಪ್ರೋಗ್ರಾಮ್ ಎಡವದಂತೆ ನೋಡಿಕೊಳ್ಳುವ ಬಗೆ

ಪರಿಚಯದವರೊಬ್ಬರ ಔಷಧಿ ಅಂಗಡಿಗೆ ಹಿಂದೊಮ್ಮೆ ಬಿಲ್ಲಿಂಗ್ ತಂತ್ರಾಂಶ ಬರೆದುಕೊಟ್ಟಿದ್ದೆ. ಮೊದಲ ತಿಂಗಳು ಮುಗಿಯುತ್ತಿದ್ದಂತೆ ಅವರು ಒಂದು ನೋಟ್‌ಬುಕ್ ಹಿಡಿದು ಮನೆಗೇ ಬಂದರು. ಕೈಯಲ್ಲಿ ಕೂಡಿದ ಮೊತ್ತಕ್ಕೂ ನನ್ನ ತಂತ್ರಾಂಶ ತೋರಿಸಿದ ಮೊತ್ತಕ್ಕೂ ಮೂರು ರೂಪಾಯಿ ಚಿಲ್ಲರೆ ವ್ಯತ್ಯಾಸ. "ಹಣ ದೊಡ್ಡದಲ್ಲ ಬಿಡಿ. ಆದರೆ ನೂರೈವತ್ತು ರೂಪಾಯಿಯ ಕ್ಯಾಲ್ಕುಲೇಟರ್‌ಗೆ ಬರುವ ಕೂಡುವ ಲೆಕ್ಕ ನಿಮ್ಮ ಕಂಪ್ಯೂಟರ್‌ಗೆ ಏಕೆ ಬರುವುದಿಲ್ಲ?" ಎಂದು ಕೇಳಿದರು. ಉತ್ತರ ಕೊಡಲು ನನಗೆ ಎರಡು ದಿನ ಬೇಕಾಯಿತು.

ಸಿಕ್ಕಿಬಿದ್ದದ್ದು 19 ರೂಪಾಯಿ 99 ಪೈಸೆಯ ಒಂದು ಮುಲಾಮು. ಬೆಲೆಯನ್ನು ಪೈಸೆಗೆ ತಿರುಗಿಸಲು 19.99 ಅನ್ನು 100ರಿಂದ ಗುಣಿಸಿ, ಬಂದದ್ದರಲ್ಲಿ ಪೂರ್ಣಾಂಕ ಭಾಗವನ್ನಷ್ಟೇ ಇಟ್ಟುಕೊಂಡಿದ್ದೆ. ಕಂಪ್ಯೂಟರ್ ಮಾಡಿದ ಗುಣಾಕಾರದ ಉತ್ತರ 1999 ಅಲ್ಲ, 1998.9999999999998. ದಶಮಾಂಶ ಭಾಗ ಕತ್ತರಿಸಿದೊಡನೆ 1998 ಉಳಿಯಿತು. ಪ್ರತಿ ಮುಲಾಮಿಗೂ ಒಂದು ಪೈಸೆ ಮಾಯ. ಅಂಗಡಿಯಲ್ಲಿ ಇಂಥ ಬೆಲೆಯ ಸರಕುಗಳು ಇನ್ನೂ ಹತ್ತಾರು ಇದ್ದವು.

ನೀವೂ ಬಿಲ್ಲು, ಬಡ್ಡಿ, ಅಂಕಪಟ್ಟಿ, ನಕ್ಷೆ ಹೀಗೆ ಯಾವುದಾದರೂ ಲೆಕ್ಕದ ಪ್ರೋಗ್ರಾಮ್ ಬರೆಯುವವರಾದರೆ ಈ ಹಳ್ಳಕ್ಕೆ ಒಮ್ಮೆಯಾದರೂ ಬಿದ್ದೇ ಇರುತ್ತೀರಿ. ಎದ್ದು ಬರುವ ದಾರಿಯನ್ನು ನಾನು ಕಲಿತ ಕ್ರಮದಲ್ಲೇ ಹೇಳುತ್ತೇನೆ. ಉದಾಹರಣೆಗಳು ಪೈಥಾನಿನವು. ಆದರೆ ಜಾವಾ, ಜಾವಾಸ್ಕ್ರಿಪ್ಟ್, ಸಿ ಯಾವುದರಲ್ಲಿ ಬರೆದರೂ ಮೂಲ ಸಂಗತಿ ಬದಲಾಗುವುದಿಲ್ಲ.

ಹೆಜ್ಜೆ 1: ತಪ್ಪನ್ನು ಕಣ್ಣಾರೆ ನೋಡಿ

ಪೈಥಾನಿನಲ್ಲಿ ಚರಗಳಿಗೆ ಕನ್ನಡದಲ್ಲೇ ಹೆಸರಿಡಬಹುದು ಎಂಬುದು ಹಲವರಿಗೆ ಗೊತ್ತಿಲ್ಲ. ಕೆಳಗಿನ ಸಾಲುಗಳನ್ನು ಹೀಗೆಯೇ ಟೈಪ್ ಮಾಡಿ:

ಬೆಲೆ = 0.1
ತೆರಿಗೆ = 0.2
ಬೆಲೆ + ತೆರಿಗೆ

ಬರುವ ಉತ್ತರ 0.30000000000000004. ಈಗ ಬೆಲೆ + ತೆರಿಗೆ == 0.3 ಎಂದು ಕೇಳಿ. 'ಫಾಲ್ಸ್' ಎನ್ನುತ್ತದೆ.

ಕೂಡುವುದರಲ್ಲಿ ಏನೋ ತಪ್ಪಾಗಿದೆ ಎಂದು ಇದನ್ನು ನೋಡಿದ ಯಾರಿಗೂ ಅನಿಸುತ್ತದೆ. ನನಗೂ ಹಾಗೆಯೇ ಅನಿಸಿತ್ತು. ಆದರೆ ಎಡವಟ್ಟು ಮುಖ್ಯವಾಗಿ ಆಗಿರುವುದು ಮೊದಲ ಸಾಲಿನಲ್ಲೇ, ನೀವು 0.1 ಎಂದು ಬರೆದ ಕ್ಷಣದಲ್ಲಿ. ಸಂಖ್ಯೆಗಳನ್ನು ನಮ್ಮ ಹಾಗೆ ಹತ್ತರ ಲೆಕ್ಕದಲ್ಲೇ ಇಡುವ ಡೆಸಿಮಲ್ ಎಂಬ ಮಾದರಿ ಪೈಥಾನಿನಲ್ಲಿದೆ. ಅದಕ್ಕೆ 0.1 ಅನ್ನು ಉದ್ಧರಣ ಚಿಹ್ನೆಯಿಲ್ಲದೆ ಕೊಟ್ಟು ನೋಡಿ, ಕಂಪ್ಯೂಟರ್ ನಿಜವಾಗಿ ಇಟ್ಟುಕೊಂಡಿರುವ ಸಂಖ್ಯೆ ಹೊರಬೀಳುತ್ತದೆ:

0.1000000000000000055511151231257827021181583404541015625

ನೀವು ಕೇಳಿದ್ದು ಹತ್ತನೇ ಒಂದು ಭಾಗ. ಸಿಕ್ಕಿದ್ದು ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. 0.2 ಕೂಡ ಹಾಗೆಯೇ ತುಸು ಹೆಚ್ಚು, 0.3 ಮಾತ್ರ ತುಸು ಕಡಿಮೆ. ಎರಡು ಹೆಚ್ಚುಗಳು ಸೇರಿ ಒಂದು ಕಡಿಮೆಯ ಮುಂದೆ ನಿಂತಾಗ ಸಮ ಆಗುವುದಾದರೂ ಹೇಗೆ? ತೆರೆಯ ಮೇಲೆ 0.1 ಎಂದು ಚೊಕ್ಕಟವಾಗಿ ಕಾಣುವುದು ಪೈಥಾನಿನ ಸೌಜನ್ಯ ಅಷ್ಟೆ. ಅದೇ ಸಂಖ್ಯೆಯನ್ನು ಮತ್ತೆ ಗುರುತಿಸಲು ಸಾಕಾಗುವಷ್ಟು ಅಂಕಿಗಳನ್ನು ಮಾತ್ರ ಅದು ಮುದ್ರಿಸುತ್ತದೆ.

ಹೆಜ್ಜೆ 2: ಯಾವ ಸಂಖ್ಯೆ ಹಿಡಿಸುತ್ತದೆ, ಯಾವುದು ಹಿಡಿಸುವುದಿಲ್ಲ

ನಮ್ಮ ಹಿರಿಯರ ಅಳತೆಗಳನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸೇರಿನ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಅದರ ಅರ್ಧ ಅರೆಪಾವು, ಅದರ ಅರ್ಧ ಚಟಾಕು. ಎಲ್ಲವೂ ಅರೆಯ ಮೇಲೆ ಅರೆ. ಕಂಪ್ಯೂಟರಿನ ದ್ವಿಮಾನ ಪದ್ಧತಿಯೂ ಇಂಥ ಅಳತೆಯ ಪಾತ್ರೆಗಳ ಸಾಲು: ಅರ್ಧ, ಕಾಲು, ಅರೆಕಾಲು, ವೀಸ, ಹೀಗೇ ಕೆಳಗಿಳಿಯುತ್ತದೆ. ಈ ಪಾತ್ರೆಗಳನ್ನು ಕೂಡಿಸಿ ತುಂಬಬಹುದಾದದ್ದು ಮಾತ್ರ ಅದರಲ್ಲಿ ಕರಾರುವಾಕ್ಕಾಗಿ ಹಿಡಿಯುತ್ತದೆ. ಸೇರಿನ ಮುಕ್ಕಾಲು ಕೇಳಿ, ಅಚ್ಚೇರೊಂದು ಪಾವೊಂದು ಅಳೆದು ಕೊಡುತ್ತದೆ. ಸೇರಿನ ಹತ್ತನೇ ಒಂದು ಭಾಗ ಕೇಳಿದರೆ, ಅಳೆಯುತ್ತಲೇ ಹೋಗಬೇಕು, ಮುಗಿಯುವುದಿಲ್ಲ. ಮೂರನೇ ಒಂದು ಭಾಗವನ್ನು ನಾವು 0.3333 ಎಂದು ಬರೆಯುತ್ತಾ ಕೂರುವ ಹಾಗೆ. ಎಲ್ಲೋ ಒಂದು ಕಡೆ ಕೈ ನಿಲ್ಲಿಸಿ, ಹತ್ತಿರದ್ದಕ್ಕೆ ಸರಿಹೊಂದಿಸಲೇಬೇಕು.

ಕೈ ನಿಲ್ಲಿಸುವುದು ಎಲ್ಲಿ ಎಂಬುದನ್ನು 1985ರಲ್ಲಿ ಬಂದ ಐಟ್ರಿಪಲ್‌ಇ 754 ಎಂಬ ಮಾನದಂಡ ನಿಗದಿಪಡಿಸಿತು. ಅದರ ಹಿಂದಿನ ಪ್ರಮುಖ ತಲೆ ಕೆನಡಾ ಮೂಲದ ಗಣಿತಜ್ಞ ವಿಲಿಯಂ ಕಹಾನ್. ಅವರಿಗೆ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 1989ರಲ್ಲಿ ಸಂದಿತು. ಅದಕ್ಕೆ ಮೊದಲು ಒಂದೊಂದು ಕಂಪನಿಯ ಯಂತ್ರದ ಲೆಕ್ಕ ಒಂದೊಂದು ಬಗೆ. ಇವತ್ತು 'ಡಬಲ್' ಎಂದು ಕರೆಯುವ ಸಂಖ್ಯೆಗೆ 64 ಬಿಟ್ ಜಾಗ: ಚಿಹ್ನೆಗೆ 1, ಘಾತಕ್ಕೆ 11, ಅಂಕಿಗಳಿಗೆ 52. ಬರೆಯದೆಯೇ ಇದೆಯೆಂದು ಭಾವಿಸುವ ಒಂದು ಬಿಟ್ ಸೇರಿ ಅಂಕಿಗಳಿಗೆ ಒಟ್ಟು 53. ನಮ್ಮ ದಶಮಾನದಲ್ಲಿ ಹೇಳುವುದಾದರೆ ಸುಮಾರು 15ರಿಂದ 17 ಅಂಕಿ. ಬಿಂದು ಘಾತದ ಪ್ರಕಾರ ಅತ್ತಿತ್ತ ತೇಲುತ್ತದೆ, ಹಾಗಾಗಿಯೇ ಫ್ಲೋಟಿಂಗ್ ಪಾಯಿಂಟ್ ಎಂಬ ಹೆಸರು, ಮೊಟಕಾಗಿ ಫ್ಲೋಟ್.

ಒಂದು ಮೋಜಿನ ಸಂಗತಿ. 1957ರ ಏಪ್ರಿಲ್ 1ಕ್ಕೆ ಮೊದಲು ನಮ್ಮ ರೂಪಾಯಿಗೆ ಹದಿನಾರು ಆಣೆ ಇತ್ತಲ್ಲ, ಆ ಲೆಕ್ಕ ಕಂಪ್ಯೂಟರಿಗೆ ಹೇಳಿ ಮಾಡಿಸಿದಂತಿತ್ತು. ಒಂದಾಣೆ ಎಂದರೆ 0.0625, ನಾಲ್ಕಾಣೆ 0.25, ಎಂಟಾಣೆ 0.5, ಎಲ್ಲವೂ ಕರಾರುವಾಕ್ಕು. ನೂರು ಪೈಸೆಯ ಪದ್ಧತಿ ಬಂದ ಮೇಲೆ ಒಂದು ಪೈಸೆಯಿಂದ ತೊಂಬತ್ತೊಂಬತ್ತು ಪೈಸೆಯವರೆಗಿನ ಮೊತ್ತಗಳಲ್ಲಿ ಡಬಲ್‌ನಲ್ಲಿ ಸರಿಯಾಗಿ ಕೂರುವುದು ಮೂರೇ ಮೂರು: 25, 50, 75. ಉಳಿದ ತೊಂಬತ್ತಾರೂ ಅಂದಾಜು!

ಅಂಗಡಿಯವರ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಸಾಮಾನ್ಯ ಕ್ಯಾಲ್ಕುಲೇಟರ್ ನಮ್ಮ ಹಾಗೆ ಹತ್ತರ ಲೆಕ್ಕದಲ್ಲೇ ಅಂಕಿಗಳನ್ನು ಇಟ್ಟುಕೊಳ್ಳುತ್ತದೆ. ಅದಕ್ಕೆ 19.99 ಎಂದರೆ 19.99.

ಹೆಜ್ಜೆ 3: ಇದು ಎಣಿಸುವ ಸಂಖ್ಯೆಯೋ, ಅಳೆಯುವ ಸಂಖ್ಯೆಯೋ?

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಈ ಪ್ರಶ್ನೆಯನ್ನು ಇಟ್ಟುಕೊಳ್ಳಿ. ಹಣ, ಮಾತ್ರೆಗಳು, ಮತಗಳು, ಪರೀಕ್ಷೆಯ ಅಂಕಗಳು, ಇವೆಲ್ಲ ಎಣಿಸುವಂಥವು. ಇವುಗಳಿಗೆ ಅತಿ ಚಿಕ್ಕ ಘಟಕ ಒಂದಿದೆ, ಅದರ ಕೆಳಗೆ ಏನೂ ಇಲ್ಲ. ತಾಪಮಾನ, ತೂಕ, ದೂರ, ಹಾಲಿನ ಕೊಬ್ಬಿನ ಪ್ರಮಾಣ ಅಳೆಯುವಂಥವು. ಅಳೆಯುವ ಸಾಧನದಲ್ಲೇ ದೋಷವಿರುವಾಗ ಹದಿನಾರನೇ ಅಂಕಿಯ ಬಗ್ಗೆ ತಲೆಕೆಡಿಸಿಕೊಳ್ಳುವುದು ವ್ಯರ್ಥ. ಎಣಿಸುವುದಕ್ಕೆ ಪೂರ್ಣಾಂಕ, ಅಳೆಯುವುದಕ್ಕೆ ಫ್ಲೋಟ್. ಈ ಹಾದಿಯಲ್ಲಿ ನಡೆದರೆ ಮುಕ್ಕಾಲು ಪಾಲು ತೊಂದರೆ ಹುಟ್ಟುವುದೇ ಇಲ್ಲ.

ಎಲ್ಲದಕ್ಕೂ ಡೆಸಿಮಲ್ ಬಳಸಿ ಎಂಬ ಸಲಹೆಯೂ ಚಾಲ್ತಿಯಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಹವಾಮಾನದ ಲೆಕ್ಕಕ್ಕೆ ಡೆಸಿಮಲ್ ಹಾಕುವುದು ಸೌದೆ ತೂಗಲು ಚಿನಿವಾರನ ತಕ್ಕಡಿ ತಂದಂತೆ. ನಿಧಾನವಂತೂ ಹೌದು, ಲಾಭವೇನೂ ಇಲ್ಲ.

ಹೆಜ್ಜೆ 4: ಹಣವನ್ನು ಪೈಸೆಯಲ್ಲಿಡಿ

ಬೆಲೆ ಪ್ರೋಗ್ರಾಮಿನೊಳಗೆ ಕಾಲಿಡುವಾಗಲೇ ಪೈಸೆಯ ಪೂರ್ಣಾಂಕವಾಗಬೇಕು, ಮುದ್ರಣದ ಸಾಲಿನಲ್ಲಿ ಮಾತ್ರ ರೂಪಾಯಿಯಾಗಿ ಹೊರಬೀಳಬೇಕು. ನಡುವೆ ಎಲ್ಲೂ ಬಿಂದುವಿನ ಸುಳಿವಿರಬಾರದು. "19.99" ಎಂಬ ಪಠ್ಯವನ್ನು ಫ್ಲೋಟ್ ಮಾಡಿ ಗುಣಿಸಬೇಡಿ, ನಾನು ಮಾಡಿದ ತಪ್ಪು ಅದೇ. ಪಠ್ಯವನ್ನು ಬಿಂದುವಿನ ಬಳಿ ಒಡೆದು ಎರಡು ಪೂರ್ಣಾಂಕ ಮಾಡಿಕೊಳ್ಳಿ, ಇಲ್ಲವೇ ಡೆಸಿಮಲ್‌ಗೆ ಪಠ್ಯವನ್ನೇ ಕೊಡಿ. ಒಡೆಯುವ ದಾರಿ ಹಿಡಿದರೆ "19.9" ಎಂದು ಬಂದಾಗ 9 ಪೈಸೆಯಲ್ಲ, 90 ಪೈಸೆ ಎಂಬುದು ನೆನಪಿರಲಿ.

ಶೇಕಡ 18ರ ತೆರಿಗೆ ಹೀಗೆ:

ಪೈಸೆ = 1999
ತೆರಿಗೆ = (ಪೈಸೆ * 18 + 50) // 100

ಎರಡು ಓರೆಗೆರೆ ಎಂದರೆ ಪೂರ್ಣಾಂಕ ಭಾಗಾಕಾರ. 1999ರ 18 ಪಟ್ಟು 35982, ಅದಕ್ಕೆ 50 ಕೂಡಿಸಿ ನೂರರಿಂದ ಭಾಗಿಸಿದರೆ 360. ಅಂದರೆ 3 ರೂಪಾಯಿ 60 ಪೈಸೆ. ಆ 50 ಕೂಡಿಸಿದ್ದು ಅರ್ಧ ಪೈಸೆ ಮತ್ತು ಮೇಲ್ಪಟ್ಟದ್ದನ್ನು ಮೇಲಕ್ಕೆ ಏರಿಸುವುದಕ್ಕಾಗಿ. ಸಾಮಾನು ಹಿಂತಿರುಗಿಸಿದಾಗ ಮೊತ್ತ ಋಣಾತ್ಮಕವಾಗಿರುತ್ತದೆ, ಆಗ ಈ ಸೂತ್ರವನ್ನು ನೇರವಾಗಿ ಬಳಸಬೇಡಿ. ಪೈಥಾನ್ ಋಣ ಸಂಖ್ಯೆಯನ್ನು ಭಾಗಿಸುವಾಗ ಇನ್ನೂ ಕೆಳಕ್ಕೆ ಇಳಿಸುತ್ತದೆ: -7 // 2 ಎಂದರೆ -4. ಮೊದಲು ಧನ ಸಂಖ್ಯೆಯಾಗಿ ಲೆಕ್ಕ ಮುಗಿಸಿ, ಚಿಹ್ನೆಯನ್ನು ಆಮೇಲೆ ಹಚ್ಚಿ.

ಹಂಚುವ ಲೆಕ್ಕದಲ್ಲಿ ಶೇಷ ಕಳೆಯಬಾರದು. ನೂರು ರೂಪಾಯಿಯನ್ನು ಮೂವರಿಗೆ ಹಂಚಿದರೆ 10000 // 3 ಎಂದರೆ 3333 ಪೈಸೆ, 10000 % 3 ಎಂದರೆ ಉಳಿದ 1 ಪೈಸೆ. ಆ ಒಂದು ಪೈಸೆ ಯಾರಿಗೆ ಎಂದು ನೀವು ತೀರ್ಮಾನಿಸಬೇಕು. ಮೊದಲನೆಯವನಿಗೆ ಕೊಡಿ, ಕೊನೆಯವನಿಗೆ ಕೊಡಿ, ಒಟ್ಟಿನಲ್ಲಿ ಅದು ಪ್ರೋಗ್ರಾಮಿನಲ್ಲಿ ಬರೆದಿರಲಿ.

ದತ್ತಾಂಶ ಸಂಗ್ರಹದಲ್ಲೂ ಇದೇ ಎಚ್ಚರ ಬೇಕು. ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್ ಎರಡರಲ್ಲೂ ಹಣದ ಕಾಲಂಗೆ ಫ್ಲೋಟ್ ಬೇಡ. ಪೂರ್ಣಾಂಕ ಅಥವಾ ಡೆಸಿಮಲ್ ಇಡಿ. ಪೈಥಾನಿನ ಡೆಸಿಮಲ್, ಜಾವಾದ ಬಿಗ್‌ಡೆಸಿಮಲ್ ಎರಡಕ್ಕೂ ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗಿನ ಪಠ್ಯವಾಗಿಯೇ ಕೊಡಬೇಕು. ಇಲ್ಲದಿದ್ದರೆ ಮೊದಲೇ ಕೆಟ್ಟ 0.1 ಅನ್ನು ಐವತ್ತೈದು ಅಂಕಿಗಳ ಸಮೇತ ನಿಷ್ಠೆಯಿಂದ ಕಾಪಾಡುತ್ತವೆ. ಇನ್ನೊಂದು ಮಾತು, ಡೆಸಿಮಲ್‌ಗೂ ಮೂರನೇ ಒಂದು ಭಾಗ ಹಿಡಿಸುವುದಿಲ್ಲ. ಪೈಥಾನಿನ ಡೆಸಿಮಲ್ ಮೊದಲೇ ಹೊಂದಿಸಿದಂತೆ 28 ಅಂಕಿಗೆ ನಿಲ್ಲುತ್ತದೆ.

ಹೆಜ್ಜೆ 5: ರೌಂಡ್ ಮಾಡುವ ನಿಯಮ ಯಾರದ್ದು?

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಜನ ಕಲಸಿಬಿಡುತ್ತಾರೆ. ಪೈಥಾನಿನ ರೌಂಡ್‌ಗೆ 2.675 ಕೊಟ್ಟು ಎರಡು ಸ್ಥಾನ ಕೇಳಿದರೆ 2.67 ಬರುತ್ತದೆ, 2.68 ಅಲ್ಲ. ಕಾರಣ ನಮಗೆ ಈಗ ಗೊತ್ತು: ಒಳಗಿರುವ ಸಂಖ್ಯೆ 2.675ಕ್ಕಿಂತ ತುಸು ಕಡಿಮೆ. ಜಾವಾಸ್ಕ್ರಿಪ್ಟಿನಲ್ಲಿ ಇದೇ ಕೆಲಸ ಮಾಡುವ ಟುಫಿಕ್ಸ್ಡ್‌ಗೆ 1.005 ಕೊಟ್ಟು ಎರಡು ಸ್ಥಾನ ಕೇಳಿದರೆ 1.00 ಬರುವುದಕ್ಕೂ ಅದೇ ಕಾರಣ.

ಆದರೆ ರೌಂಡ್‌ಗೆ 2.5 ಕೊಟ್ಟಾಗ 2 ಬರುವುದಕ್ಕೆ ಕಾರಣ ಬೇರೆ. 2.5 ಒಳಗೂ ಕರಾರುವಾಕ್ಕಾಗಿ 2.5. ಸರಿಯಾಗಿ ನಡುವೆ ಇರುವುದನ್ನು ಸಮ ಸಂಖ್ಯೆಯತ್ತ ತಳ್ಳುವುದು ಪೈಥಾನಿನ ನಿಯಮ: 1.5 ಆಗುವುದು 2, 2.5 ಆಗುವುದೂ 2. ಯಾವಾಗಲೂ ಮೇಲಕ್ಕೇ ತಳ್ಳಿದರೆ ಸಾವಿರಾರು ಸಂಖ್ಯೆಗಳ ಮೊತ್ತ ಒಂದೇ ಕಡೆ ವಾಲುತ್ತದೆ ಎಂಬುದು ಅದರ ಹಿಂದಿನ ತರ್ಕ. ತರ್ಕ ಸರಿಯೇ. ಆದರೆ ನಮ್ಮ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಕಲಮು ತೆರಿಗೆ ಮೊತ್ತವನ್ನು ಸಮೀಪದ ರೂಪಾಯಿಗೆ ಹೊಂದಿಸಬೇಕು, ಐವತ್ತು ಪೈಸೆ ಅಥವಾ ಹೆಚ್ಚಿದ್ದರೆ ಮೇಲಕ್ಕೆ ಏರಿಸಬೇಕು ಎನ್ನುತ್ತದೆ. 1242 ರೂಪಾಯಿ 50 ಪೈಸೆಯನ್ನು ಪೈಥಾನ್ 1242 ಮಾಡುತ್ತದೆ, ಕಾಯ್ದೆ 1243 ಮಾಡುತ್ತದೆ. ಗೆಲ್ಲಬೇಕಾದದ್ದು ಯಾವುದೆಂದು ಹೇಳಬೇಕಿಲ್ಲ.

ಸಾಲುಸಾಲಿಗೂ ರೌಂಡ್ ಮಾಡುವುದೋ, ಕೊನೆಯಲ್ಲಿ ಒಮ್ಮೆಯೋ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. 10 ರೂಪಾಯಿ 10 ಪೈಸೆಯ ಮೂರು ವಸ್ತುಗಳಿಗೆ ಶೇಕಡ 5 ತೆರಿಗೆ ಎಂದುಕೊಳ್ಳಿ. ಒಂದೊಂದಕ್ಕೆ ಐವತ್ತೂವರೆ ಪೈಸೆ, ಏರಿಸಿದರೆ 51, ಮೂರಕ್ಕೆ 153. ಒಟ್ಟಿಗೆ ಲೆಕ್ಕ ಹಾಕಿದರೆ 151.5, ಏರಿಸಿದರೆ 152. ಇದು ಕಂಪ್ಯೂಟರಿನ ದೋಷವೇ ಅಲ್ಲ, ಕೈಯಲ್ಲಿ ಮಾಡಿದರೂ ಹೀಗೆಯೇ. ಅಂಗಡಿಯವರ ನೋಟ್‌ಬುಕ್ಕಿನ ವ್ಯತ್ಯಾಸದಲ್ಲಿ ಒಂದಿಷ್ಟು ಪಾಲು ಇದರದ್ದಾಗಿತ್ತು ಎಂದು ಆಮೇಲೆ ತಿಳಿಯಿತು.

ರೌಂಡ್ ಮಾಡುವ ಬದಲು ಸುಮ್ಮನೆ ಕತ್ತರಿಸುತ್ತಾ ಹೋದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ವ್ಯಾಂಕೂವರ್ ಷೇರು ವಿನಿಮಯ ಕೇಂದ್ರದ ಕಥೆಯಿದೆ. 1982ರ ಜನವರಿಯಲ್ಲಿ ಅದರ ಸೂಚ್ಯಂಕವನ್ನು 1000ದಿಂದ ಆರಂಭಿಸಿದರು. ಪ್ರತಿ ವಹಿವಾಟಿನ ನಂತರ ಮರುಲೆಕ್ಕ ಹಾಕಿ, ಮೂರನೇ ದಶಮಾಂಶದ ಆಚೆಯದ್ದನ್ನು ಕತ್ತರಿಸುತ್ತಿದ್ದರು. ಕತ್ತರಿಸುವುದು ಎಂದರೆ ಯಾವಾಗಲೂ ಕೆಳಕ್ಕೇ. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524 ಚಿಲ್ಲರೆಗೆ ಇಳಿದಿತ್ತು. ಲೆಕ್ಕ ತಿದ್ದಿದಾಗ ನಿಜವಾದ ಬೆಲೆ 1098 ಚಿಲ್ಲರೆ ಎಂದು ಹೊರಬಿತ್ತು.

ಹೆಜ್ಜೆ 6: ಅಳತೆಗಳನ್ನು ಹೋಲಿಸುವಾಗ ಸಮ ಚಿಹ್ನೆ ಬೇಡ

ಎರಡು ಫ್ಲೋಟ್‌ಗಳು ಸಮವೇ ಎಂದು ಕೇಳಬಾರದು, ಸಾಕಷ್ಟು ಹತ್ತಿರವೇ ಎಂದು ಕೇಳಬೇಕು. ಪೈಥಾನಿನ ಗಣಿತ ಮಾಡ್ಯೂಲಿನಲ್ಲಿ ಇದಕ್ಕೆ ಐಸ್‌ಕ್ಲೋಸ್ ಇದೆ. ಅದು ಸಂಖ್ಯೆಯ ಗಾತ್ರಕ್ಕೆ ತಕ್ಕಂತೆ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವನ್ನು ಮನ್ನಿಸುತ್ತದೆ. ಆದರೆ ಸೊನ್ನೆಯೊಂದಿಗೆ ಹೋಲಿಸುವಾಗ ಇದು ಕೈಕೊಡುತ್ತದೆ, ಸೊನ್ನೆಯ ಎಷ್ಟನೇ ಪಾಲು ತೆಗೆದರೂ ಸೊನ್ನೆಯೇ ಅಲ್ಲವೇ? ಅಲ್ಲಿ ಸ್ಥಿರವಾದ ಒಂದು ಮಿತಿಯನ್ನು ನೀವೇ ಕೊಡಬೇಕು. ಆ ಮಿತಿ ಎಷ್ಟು ಎಂಬುದನ್ನು ನಿಮ್ಮ ವಿಷಯ ಹೇಳುತ್ತದೆ. ತಾಪಮಾಪಕ ಒಂದು ಡಿಗ್ರಿಯ ಹತ್ತನೇ ಒಂದು ಭಾಗದವರೆಗೆ ಮಾತ್ರ ನಂಬಿಕೆಗೆ ಅರ್ಹವಾದರೆ, ಮಿತಿಯೂ ಅಲ್ಲೇ ಸುತ್ತಮುತ್ತ ಇರಲಿ.

0.1, 0.2 ಎಂದು ಏರುತ್ತಾ 1 ಆದಾಗ ನಿಲ್ಲುವ ಲೂಪ್ ಬರೆದರೆ ಅದು ನಿಲ್ಲುವುದೇ ಇಲ್ಲ. ಹತ್ತು ಬಾರಿ ಒಂದೊಂದಾಗಿ 0.1 ಕೂಡಿದರೆ ಬರುವುದು 0.9999999999999999. ಪೂರ್ಣಾಂಕದಲ್ಲಿ ಹತ್ತರವರೆಗೆ ಎಣಿಸಿ, ಬೇಕಾದಲ್ಲಿ 10ರಿಂದ ಭಾಗಿಸಿಕೊಳ್ಳಿ.

ಇದೇ ಹತ್ತನೇ ಒಂದು ಭಾಗ ಒಮ್ಮೆ ಪ್ರಾಣ ತೆಗೆದಿದೆ. 1991ರ ಫೆಬ್ರವರಿ 25ರಂದು, ಕೊಲ್ಲಿ ಯುದ್ಧದಲ್ಲಿ, ಸೌದಿ ಅರೇಬಿಯಾದ ದಹರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಇರಾಕಿನ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. 28 ಅಮೆರಿಕನ್ ಸೈನಿಕರು ಸತ್ತರು. ಪೇಟ್ರಿಯಟ್‌ನ ಗಡಿಯಾರ ಸಮಯವನ್ನು ಸೆಕೆಂಡಿನ ಹತ್ತನೇ ಭಾಗಗಳಲ್ಲಿ ಎಣಿಸುತ್ತಿತ್ತು. ಆ ಎಣಿಕೆ ಪೂರ್ಣಾಂಕ, ಅದರಲ್ಲಿ ದೋಷವಿರಲಿಲ್ಲ. ಅದನ್ನು ಸೆಕೆಂಡಿಗೆ ತಿರುಗಿಸಲು ಗುಣಿಸುತ್ತಿದ್ದ 0.1 ಮಾತ್ರ 24 ಬಿಟ್‌ಗೆ ಕತ್ತರಿಸಿದ್ದಾಗಿತ್ತು. ಒಂದು ಎಣಿಕೆಗೆ ದೋಷ ಸುಮಾರು 0.000000095 ಸೆಕೆಂಡ್. ಯಂತ್ರ 100 ಗಂಟೆ ಸತತವಾಗಿ ಓಡಿತ್ತು, ಅಂದರೆ 36 ಲಕ್ಷ ಎಣಿಕೆ. ಗುಣಿಸಿ ನೋಡಿ, ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಸ್ಕಡ್ ಅಷ್ಟರಲ್ಲಿ ಅರ್ಧ ಕಿಲೋಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಹೆಚ್ಚು ನಿಖರವಾದ ಲೆಕ್ಕವನ್ನು ಪ್ರೋಗ್ರಾಮಿನ ಕೆಲವು ಕಡೆ ಆಗಲೇ ಸೇರಿಸಿದ್ದರು, ಎಲ್ಲ ಕಡೆ ಅಲ್ಲ. ಎಲ್ಲ ಕಡೆ ಒಂದೇ ತಪ್ಪು ಇದ್ದಿದ್ದರೆ ಒಂದು ಸಮಯದಿಂದ ಇನ್ನೊಂದನ್ನು ಕಳೆಯುವಾಗ ಅದು ಬಹುಪಾಲು ವಜಾ ಆಗಿಬಿಡುತ್ತಿತ್ತು. ತಿದ್ದಿದ ತಂತ್ರಾಂಶ ದಹರಾನ್ ತಲುಪಿದ್ದು ಮರುದಿನ. ಒಂದು ಕಡೆ ತಿದ್ದಿದಾಗ ಅದೇ ಲೆಕ್ಕ ಇನ್ನೆಲ್ಲಿದೆ ಎಂದು ಹುಡುಕುವ ಅಭ್ಯಾಸ ನನಗೆ ಬಂದದ್ದು ಇದನ್ನು ಓದಿದ ಮೇಲೆ.

ಹೆಜ್ಜೆ 7: ಕೂಡುವುದರಲ್ಲಿ, ಕಳೆಯುವುದರಲ್ಲಿ ಎಚ್ಚರ

ಫ್ಲೋಟ್‌ಗಳನ್ನು ಕೂಡುವ ಕ್ರಮ ಬದಲಾದರೆ ಉತ್ತರವೂ ಬದಲಾಗಬಹುದು. 0.1 ಮತ್ತು 0.2 ಮೊದಲು ಕೂಡಿ ಆಮೇಲೆ 0.3 ಸೇರಿಸಿದರೆ 0.6000000000000001. 0.2 ಮತ್ತು 0.3 ಮೊದಲು ಕೂಡಿದರೆ 0.6. ಸಮಾನಾಂತರವಾಗಿ ಕೂಡುವ ಪ್ರೋಗ್ರಾಮ್‌ಗಳು ಒಂದೊಂದು ಬಾರಿ ಒಂದೊಂದು ಉತ್ತರ ಕೊಡುವುದರ ಗುಟ್ಟು ಇದೇ. ಉದ್ದನೆಯ ಪಟ್ಟಿ ಕೂಡಲು ಪೈಥಾನಿನ ಎಫ್‌ಸಮ್ ಬಳಸಿ. 3.12ನೇ ಆವೃತ್ತಿಯಿಂದ ಮಾಮೂಲಿ ಸಮ್ ಕೂಡ ಕಳೆದುಹೋಗುವ ಚೂರುಗಳನ್ನು ಬದಿಗೆ ಎತ್ತಿಟ್ಟು ಕೂಡುತ್ತದೆ. ಹತ್ತು 0.1ಗಳನ್ನು ಸಮ್‌ನಿಂದ ಕೂಡುವ ಒಂದೇ ಪ್ರೋಗ್ರಾಮ್ ಹಳೆಯ ಆವೃತ್ತಿಯಲ್ಲಿ 0.9999999999999999, ಹೊಸದರಲ್ಲಿ 1.0 ಎಂದರೆ ಗಾಬರಿಯಾಗಬೇಡಿ.

ಕಳೆಯುವುದು ಇನ್ನೂ ಅಪಾಯಕಾರಿ. ಒಂದು ಒಗಟು ಹೇಳುತ್ತೇನೆ: ಎರಡು ಸಂಖ್ಯೆಗಳ ಮೊತ್ತ 10 ಕೋಟಿ, ಗುಣಲಬ್ಧ 1. ಯಾವುವು ಅವು? ಒಂದು ಹೆಚ್ಚುಕಡಿಮೆ 10 ಕೋಟಿ, ಇನ್ನೊಂದು ಹೆಚ್ಚುಕಡಿಮೆ 0.00000001. ಶಾಲೆಯಲ್ಲಿ ಕಲಿತ ವರ್ಗ ಸಮೀಕರಣದ ಸೂತ್ರವನ್ನು ಹಾಗೆಯೇ ಪ್ರೋಗ್ರಾಮ್ ಮಾಡಿದರೆ ಚಿಕ್ಕ ಸಂಖ್ಯೆ 0.00000000745 ಎಂದು ಬರುತ್ತದೆ. ನಾಲ್ಕನೇ ಒಂದು ಭಾಗದಷ್ಟು ತಪ್ಪು! ಸೂತ್ರ ಸರಿ, ಡಬಲ್‌ನ ಹದಿನಾರು ಅಂಕಿಯೂ ಇದೆ. ಆದರೆ ಹೆಚ್ಚುಕಡಿಮೆ ಸಮವಾದ ಎರಡು ದೊಡ್ಡ ಸಂಖ್ಯೆಗಳನ್ನು ಕಳೆದಾಗ ನಂಬಬಹುದಾದ ಅಂಕಿಗಳೆಲ್ಲ ವಜಾ ಆಗಿ, ಬಾಲದ ಅಂದಾಜು ಮಾತ್ರ ಉಳಿಯುತ್ತದೆ. ಪರಿಹಾರ ಸರಳ: ದೊಡ್ಡ ಸಂಖ್ಯೆಯನ್ನು ಕೂಡುವ ದಾರಿಯಿಂದ ಮೊದಲು ಕಂಡುಹಿಡಿದು, ಗುಣಲಬ್ಧ 1 ಆಗಿರುವುದರಿಂದ 1 ಅನ್ನು ಅದರಿಂದ ಭಾಗಿಸಿ. ಕಳೆಯುವ ಪ್ರಮೇಯವೇ ಬರುವುದಿಲ್ಲ.

ಹೆಜ್ಜೆ 8: ಜಾಗ ಸಾಲುತ್ತದೆಯೇ ನೋಡಿ

ಡಬಲ್ 9007199254740992ರವರೆಗೆ ಒಂದೂ ಬಿಡದೆ ಪೂರ್ಣಾಂಕಗಳನ್ನು ಹಿಡಿಯುತ್ತದೆ. ಅದು 2ರ 53ನೇ ಘಾತ. ಅದಕ್ಕೆ ಒಂದು ಕೂಡಿಸಿ, ಅಲ್ಲೇ ನಿಂತಿರುತ್ತದೆ. ಟ್ವಿಟರ್‌ನ ಸಂದೇಶ ಸಂಖ್ಯೆಗಳು ಈ ಗಡಿ ದಾಟಿದಾಗ ಜಾವಾಸ್ಕ್ರಿಪ್ಟ್ ಅವುಗಳನ್ನು ಕೆಡಿಸುತ್ತದೆಂದು, ಅದೇ ಸಂಖ್ಯೆಯನ್ನು ಪಠ್ಯವಾಗಿಯೂ ಕಳಿಸುವ ಏರ್ಪಾಡನ್ನು 2010ರಲ್ಲಿ ಮಾಡಬೇಕಾಯಿತು. ಎಕ್ಸೆಲ್ 15 ಅಂಕಿ ಮಾತ್ರ ಉಳಿಸುತ್ತದೆ: 16 ಅಂಕಿಯ ಡೆಬಿಟ್ ಕಾರ್ಡ್ ಸಂಖ್ಯೆಯನ್ನು ಸಂಖ್ಯೆಯಾಗಿ ತುಂಬಿದರೆ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಖಾತೆ ಸಂಖ್ಯೆ, ಕಾರ್ಡ್ ಸಂಖ್ಯೆ ಇವೆಲ್ಲ ಹೆಸರಿಗೆ ಸಂಖ್ಯೆ, ನಿಜದಲ್ಲಿ ಪಠ್ಯ. ಯಾರೂ ಅವನ್ನು ಕೂಡುವುದಿಲ್ಲ.

32 ಬಿಟ್‌ನ ಚಿಕ್ಕ ಫ್ಲೋಟ್‌ನಲ್ಲಿ ಜಾಗ ಇನ್ನೂ ಇಕ್ಕಟ್ಟು. ಬೆಂಗಳೂರು ಸುಮಾರು 77.6 ಡಿಗ್ರಿ ರೇಖಾಂಶದಲ್ಲಿದೆ. ಅಲ್ಲಿ ಚಿಕ್ಕ ಫ್ಲೋಟ್‌ನ ಒಂದು ಮೆಟ್ಟಿಲಿಗೂ ಮುಂದಿನದಕ್ಕೂ ಅಂತರ ನೆಲದ ಮೇಲೆ ಸುಮಾರು 83 ಸೆಂಟಿಮೀಟರ್. ಅಕ್ಷಾಂಶ 13ರ ಹತ್ತಿರ ಇರುವುದರಿಂದ ಉತ್ತರ-ದಕ್ಷಿಣದಲ್ಲಿ ಸುಮಾರು 11 ಸೆಂಟಿಮೀಟರ್ ಮಾತ್ರ. ಬಸ್ ಎಲ್ಲಿದೆ ಎಂದು ತೋರಿಸಲು ಇದು ಧಾರಾಳ. ನಿವೇಶನದ ಗಡಿಗಲ್ಲು ಗುರುತಿಸಲು ಹೊರಟರೆ ನೆರೆಯವರೊಂದಿಗೆ ಜಗಳ ಖಚಿತ. ಡಬಲ್ ಬಳಸಿದರೆ ಇದೇ ಅಂತರ ಮೀಟರಿನ ನೂರು ಕೋಟಿಯ ಒಂದೆರಡು ಪಾಲಿಗೆ ಇಳಿಯುತ್ತದೆ.

ಹೆಜ್ಜೆ 9: ಪರೀಕ್ಷೆಗೆ ಒರಟು ಸಂಖ್ಯೆಗಳನ್ನೇ ಹಾಕಿ

ನನ್ನ ಬಿಲ್ಲಿಂಗ್ ತಂತ್ರಾಂಶವನ್ನು ನಾನು ಪರೀಕ್ಷಿಸಿಯೇ ಕೊಟ್ಟಿದ್ದೆ. ಆದರೆ ಪರೀಕ್ಷೆಗೆ ಹಾಕಿದ ಬೆಲೆಗಳು 10, 12.50, 99.75. ಮೂರೂ ದ್ವಿಮಾನಕ್ಕೆ ಒಗ್ಗುವ ಸಂಖ್ಯೆಗಳು, ತಪ್ಪು ಬರುವುದು ಹೇಗೆ? ನಿಮ್ಮ ಪರೀಕ್ಷೆಯಲ್ಲಿ 19.99, 4.35, 1.005, 2.675 ಇರಲಿ. ಒಂದು ಋಣ ಮೊತ್ತ, ಒಂದು ಸೊನ್ನೆ, ಮೂವರಿಗೆ ಹಂಚುವ ನೂರು ರೂಪಾಯಿ, ಸರಿಯಾಗಿ ಐವತ್ತು ಪೈಸೆಯಲ್ಲಿ ಮುಗಿಯುವ ತೆರಿಗೆ ಕೂಡ ಇರಲಿ. ಆಮೇಲೆ ಒಂದು ಪೈಸೆಯಿಂದ ಸಾವಿರ ರೂಪಾಯಿಯವರೆಗಿನ ಪ್ರತಿ ಬೆಲೆಯನ್ನೂ ಪಠ್ಯ ಮಾಡಿ, ಪೈಸೆಗೆ ತಿರುಗಿಸಿ, ಮತ್ತೆ ಪಠ್ಯ ಮಾಡಿ ಮೊದಲಿನದ್ದೇ ಬಂತೇ ಎಂದು ನೋಡಿ. ಒಂದು ಲಕ್ಷ ಬೆಲೆಗಳಾದರೂ ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ.

ಔಷಧಿ ಅಂಗಡಿಯ ಹಳೆಯ ಬಿಲ್ಲುಗಳನ್ನು ನಾನು ತಿದ್ದಲಿಲ್ಲ, ಗಿರಾಕಿಗಳ ಕೈಗೆ ಹೋದ ಕಾಗದದಲ್ಲಿ ಇದ್ದದ್ದು ಅದೇ ಮೊತ್ತ. ಹೊಸ ತಿಂಗಳಿನಿಂದ ಪೈಸೆಯ ಪೂರ್ಣಾಂಕಕ್ಕೆ ಬದಲಾಯಿಸಿ, ಹಿಂದಿನ ಮೂರು ರೂಪಾಯಿ ಚಿಲ್ಲರೆಯನ್ನು ಲೆಕ್ಕದಲ್ಲಿ 'ಹೊಂದಾಣಿಕೆ' ಎಂಬ ಒಂದೇ ಸಾಲಾಗಿ ಬರೆದೆವು. ಅವರು ಮುಂದಿನ ತಿಂಗಳೂ ನೋಟ್‌ಬುಕ್ ತಂದರು. ಕ್ಯಾಲ್ಕುಲೇಟರನ್ನೂ ತಂದಿದ್ದರು.